ತಿಂಗಳ ದಿನಸಿ ಚೀಟಿಯಲ್ಲೇ ಇದೆ ಆರೋಗ್ಯದ ಲೆಕ್ಕ: ಮನೆಗೆ ಸಕ್ಕರೆ, ಉಪ್ಪು, ಎಣ್ಣೆ ಎಷ್ಟು ಬರಬೇಕು? ಪ್ಯಾಕೆಟ್ ಓದುವುದು ಹೇಗೆ?

ಯಾರ ತಟ್ಟೆಗೆ ಎಷ್ಟು ಎಣ್ಣೆ ಹೋಯಿತು, ಸಾರಿಗೆ ಎಷ್ಟು ಗ್ರಾಂ ಉಪ್ಪು ಬಿತ್ತು ಎಂದು ಯಾವ ಮನೆಯಲ್ಲೂ ತೂಕ ಹಾಕಿ ನೋಡುವುದಿಲ್ಲ. ಆದರೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬಂತು, ಎಷ್ಟು ಕೆ.ಜಿ. ಸಕ್ಕರೆ ಖಾಲಿಯಾಯಿತು ಎಂಬುದು ಮನೆ ನಡೆಸುವವರಿಗೆ ಬಾಯಿಪಾಠ. ಮುಂಬೈನಲ್ಲಿರಲಿ, ಪುಣೆಯಲ್ಲಿರಲಿ, ಚೆನ್ನೈನಲ್ಲಿರಲಿ, ಕುಟುಂಬದ ಆರೋಗ್ಯದ ಲೆಕ್ಕವನ್ನು ಶುರು ಮಾಡಲು ಈ ದಿನಸಿ ಚೀಟಿಗಿಂತ ಸುಲಭದ ಜಾಗ ಇನ್ನೊಂದಿಲ್ಲ.

ಲೆಕ್ಕ ಯಾಕೆ ಬೇಕು? ಐಸಿಎಂಆರ್-ಇಂಡಿಯಾಬ್ ಅಧ್ಯಯನ 2023ರಲ್ಲಿ ನೀಡಿದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ಮಕ್ಕಳ ವಿಚಾರವೂ ಸಮಾಧಾನ ತರುವಂತಿಲ್ಲ. 4ರಿಂದ 10 ವರ್ಷದ ಮಕ್ಕಳು ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 13ರಷ್ಟನ್ನು, 11ರಿಂದ 18 ವರ್ಷದವರು ಶೇ 15ರಷ್ಟನ್ನು ಸಕ್ಕರೆಯಿಂದಲೇ ಪಡೆಯುತ್ತಿದ್ದಾರೆ ಎಂದು ಸಿಬಿಎಸ್‌ಇ 2025ರ ಮೇನಲ್ಲಿ ತನ್ನ ಶಾಲೆಗಳಿಗೆ ಬರೆದ ಪತ್ರದಲ್ಲಿ ಹೇಳಿತ್ತು. ಇರಬೇಕಾದ್ದು ಶೇ 5. ಶಾಲೆಗಳಲ್ಲಿ 'ಶುಗರ್ ಬೋರ್ಡ್' ಹಾಕಿ ಎಂಬ ಸೂಚನೆ ಬಂದದ್ದು ಇದೇ ಪತ್ರದಲ್ಲಿ.

ನಾಲ್ಕು ಜನರ ಮನೆಗೆ ತಿಂಗಳಿಗೆ ಎಷ್ಟು?

ಹೈದರಾಬಾದಿನಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದರೆ ಎನ್‌ಐಎನ್, ಐಸಿಎಂಆರ್ ಜೊತೆಗೂಡಿ 2024ರ ಮೇನಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ಅದರಲ್ಲಿ 17 ಸೂಚನೆಗಳಿವೆ. ದಿನಕ್ಕೆ 2,000 ಕ್ಯಾಲೊರಿ ಬೇಕಾದ ವಯಸ್ಕರ ತಟ್ಟೆ ಹೇಗಿರಬೇಕು ಎಂಬ ಪಟ್ಟಿಯೂ ಇದೆ. ಆ ಪಟ್ಟಿಯನ್ನು ದಿನಸಿ ಚೀಟಿಯ ಭಾಷೆಗೆ ತಿರುಗಿಸಿ ನೋಡೋಣ.

ಎಣ್ಣೆ ಒಬ್ಬರಿಗೆ ದಿನಕ್ಕೆ 27 ಗ್ರಾಂ. ನಾಲ್ವರಿಗೆ 30 ದಿನಕ್ಕೆ 3.2 ಕೆ.ಜಿ. ಚಿಲ್ಲರೆ, ಅಂದರೆ ಸುಮಾರು ಮೂರೂವರೆ ಲೀಟರ್. ತುಪ್ಪ, ಬೆಣ್ಣೆಯೂ ಇದರೊಳಗೇ ಬಂತು. ಹೊರಗೆ ತಿಂದ ವಡಾಪಾವ್, ಸಮೋಸ, ಚಿಪ್ಸ್‌ನ ಎಣ್ಣೆಯೂ ಇದೇ ಲೆಕ್ಕದಲ್ಲಿ ಸೇರಬೇಕು. ಐದು ಲೀಟರ್ ಕ್ಯಾನ್ ತಂದು ತಿಂಗಳು ತುಂಬುವ ಮೊದಲೇ ಇನ್ನೊಂದು ಲೀಟರ್ ತರಿಸುವ ಮನೆಯಾದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಬೇಕು. ಬಹುತೇಕ ಸಲ ಅದು ಸಂಜೆಯ ಬಾಣಲೆಯಲ್ಲೇ ಸಿಗುತ್ತದೆ.

ಸಕ್ಕರೆಗೆ ಮಿತಿ ದಿನಕ್ಕೆ 25 ಗ್ರಾಂ. ನಾಲ್ವರಿಗೆ ತಿಂಗಳಿಗೆ 3 ಕೆ.ಜಿ. ಆಯಿತು. ಮೂರು ಕೆ.ಜಿ. ಬಹಳವಾಯಿತಲ್ಲ ಎನಿಸಬಹುದು. ಆದರೆ ಬೆಲ್ಲ, ಬಿಸ್ಕತ್ತು, ಜ್ಯೂಸ್, ಕೆಚಪ್, ಹಬ್ಬದ ಸಿಹಿ ಎಲ್ಲವೂ ಸೇರಿ ಈ ಮೂರು ಕೆ.ಜಿ. ಮಕ್ಕಳಿದ್ದರೆ ಮಿತಿ ಇನ್ನೂ ಕೆಳಗಿಳಿಯುತ್ತದೆ. ಐದು ವರ್ಷದ ಮಗುವಿಗೆ ದಿನಕ್ಕೆ ಸುಮಾರು 17 ಗ್ರಾಂ, ಅಂದರೆ ನಾಲ್ಕು ಚಮಚಕ್ಕಿಂತ ಕೊಂಚ ಹೆಚ್ಚು, ಅಷ್ಟೇ. ಎರಡು ವರ್ಷದೊಳಗಿನ ಮಗುವಿಗೆ ಸೇರಿಸಿದ ಸಕ್ಕರೆಯೇ ಬೇಡ.

ಉಪ್ಪು ಒಬ್ಬರಿಗೆ 5 ಗ್ರಾಂ, ಒಂದು ಸಣ್ಣ ಚಮಚ. ನಾಲ್ವರಿಗೆ ತಿಂಗಳಿಗೆ 600 ಗ್ರಾಂ. ಒಂದು ಕೆ.ಜಿ. ಪ್ಯಾಕೆಟ್ ತಿಂಗಳೊಳಗೆ ಮುಗಿಯುತ್ತಿದ್ದರೆ, ಜೊತೆಗೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆಯೂ ಊಟದಲ್ಲಿದ್ದರೆ, ಬಿಪಿ ಮಾತ್ರೆ ನುಂಗುವವರು ಮನೆಯಲ್ಲಿ ಯಾಕೆ ಹೆಚ್ಚಾದರು ಎಂದು ಬೇರೆ ಕಡೆ ಹುಡುಕಬೇಕಿಲ್ಲ.

ಕಡಿಮೆ ಮಾಡಬೇಕಾದ್ದು ಇಷ್ಟು. ಹೆಚ್ಚು ಮಾಡಬೇಕಾದ ಸಾಲುಗಳೂ ಚೀಟಿಯಲ್ಲಿವೆ, ಮತ್ತು ಅಚ್ಚರಿ ಇರುವುದು ಅಲ್ಲೇ. ಬೇಳೆಕಾಳು ಒಬ್ಬರಿಗೆ ದಿನಕ್ಕೆ 85 ಗ್ರಾಂ. ಮೊಟ್ಟೆ, ಮೀನು, ಮಾಂಸ ತಿನ್ನುವವರಿಗೆ ಅದರಲ್ಲಿ ಒಂದು ಪಾಲು ಅಲ್ಲಿಂದ ಬರುತ್ತದೆ. ಅಪ್ಪಟ ಸಸ್ಯಾಹಾರಿ ಮನೆಯಾದರೆ ನಾಲ್ವರಿಗೆ ತಿಂಗಳಿಗೆ 10 ಕೆ.ಜಿ. ಬೇಳೆಕಾಳು ಬೇಕು! ತೊಗರಿಬೇಳೆ ಎರಡು ಕೆ.ಜಿ., ಉದ್ದು ಒಂದು, ಕಡಲೆ ಅರ್ಧ ಎಂದು ಬರೆಯುವ ಚೀಟಿ ಇದರ ಅರ್ಧಕ್ಕೂ ಬರುವುದಿಲ್ಲ. ತರಕಾರಿ, ಸೊಪ್ಪು ಸೇರಿ ಒಬ್ಬರಿಗೆ 400 ಗ್ರಾಂ, ಮನೆಗೆ ದಿನಕ್ಕೆ 1.6 ಕೆ.ಜಿ. ಹಣ್ಣು ಒಬ್ಬರಿಗೆ 100 ಗ್ರಾಂ. ಅಕ್ಕಿ, ಗೋಧಿ, ರಾಗಿ, ಜೋಳ ಎಲ್ಲ ಸೇರಿ 250 ಗ್ರಾಂ ಸಾಕು.

ರಾಗಿ ತಿಂದರೆ ಸಾಲದೇ?

ಸಾಲದು. ಇದನ್ನು ಹೇಳಿದರೆ ಹಳೇ ಮೈಸೂರು ಕಡೆಯವರಿಗೆ ಬೇಸರವಾಗಬಹುದು, ಆದರೂ ಹೇಳಲೇಬೇಕು. ರಾಗಿಯಲ್ಲಿ 100 ಗ್ರಾಂಗೆ ಸುಮಾರು 350 ಮಿ.ಗ್ರಾಂ ಕ್ಯಾಲ್ಸಿಯಂ ಇದೆ, ಬೇರಾವ ಧಾನ್ಯವೂ ಅದರ ಹತ್ತಿರ ಬರುವುದಿಲ್ಲ. ನಾರಿನಂಶವೂ ಅಕ್ಕಿಗಿಂತ ಹೆಚ್ಚು. ಆದರೆ ಅದರಲ್ಲೂ ಮೂರನೇ ಎರಡರಷ್ಟು ಪಿಷ್ಟವೇ ಇದೆ. ಮಧುಮೇಹಿಗಳು 'ರಾಗಿ ತಾನೇ' ಎಂದು ಎರಡು ದೊಡ್ಡ ಮುದ್ದೆ ಉಂಡರೆ ರಕ್ತದ ಸಕ್ಕರೆ ಏರದೆ ಇರುವುದಿಲ್ಲ.

2025ರಲ್ಲಿ 'ನೇಚರ್ ಮೆಡಿಸಿನ್' ಪತ್ರಿಕೆಯಲ್ಲಿ ಬಂದ ಇಂಡಿಯಾಬ್‌ನ ಆಹಾರ ಅಧ್ಯಯನ ಈ ಮಾತಿಗೆ ಪುಷ್ಟಿ ಕೊಡುತ್ತದೆ. ಭಾರತೀಯರ ದಿನದ ಕ್ಯಾಲೊರಿಯಲ್ಲಿ ಸುಮಾರು ಶೇ 62 ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿದೆ. ಬಿಳಿ ಅಕ್ಕಿಯ ಜಾಗಕ್ಕೆ ಗೋಧಿ ಹಿಟ್ಟನ್ನೋ ಸಿರಿಧಾನ್ಯದ ಹಿಟ್ಟನ್ನೋ ತಂದ ಮಾತ್ರಕ್ಕೆ ಮಧುಮೇಹದ ಅಪಾಯ ಇಳಿದದ್ದು ಕಾಣಲಿಲ್ಲ. ಕಾರ್ಬೋಹೈಡ್ರೇಟ್‌ನ ಒಂದು ಪಾಲನ್ನು ತೆಗೆದು ಆ ಜಾಗಕ್ಕೆ ಬೇಳೆಕಾಳು, ಹಾಲು, ಮೊಟ್ಟೆ, ಮೀನಿನ ಪ್ರೋಟೀನ್ ಬಂದಾಗ ವ್ಯತ್ಯಾಸ ಕಂಡಿತು.

ಅಡುಗೆಮನೆಯಲ್ಲಿ ಇದರ ಅರ್ಥ ಸರಳ. ಮುದ್ದೆ ಚಿಕ್ಕದಾಗಲಿ, ಜೊತೆಗಿನ ಬಸ್ಸಾರಿನ ಪಲ್ಯ ದೊಡ್ಡದಾಗಲಿ. ಜೋಳದ ರೊಟ್ಟಿ ಮೂರರಿಂದ ಎರಡಕ್ಕಿಳಿದು ಮಡಕೆ ಕಾಳಿನ ಪಲ್ಯ ಎರಡು ಸೌಟು ಬೀಳಲಿ. ತಿಳಿಸಾರಿನ ಬದಲು ಬೇಳೆ ಗಟ್ಟಿಯಾಗಿರುವ ಹುಳಿ ಇರಲಿ. ಧಾನ್ಯ ಮೂರು ಪಾಲು, ಬೇಳೆ ಒಂದು ಪಾಲು ಇದ್ದರೆ ಪ್ರೋಟೀನ್‌ನ ಗುಣಮಟ್ಟ ಚೆನ್ನಾಗಿರುತ್ತದೆ ಎನ್ನುತ್ತದೆ ಎನ್‌ಐಎನ್. ಇಡ್ಲಿಗೆ ಮೂರು ಲೋಟ ಅಕ್ಕಿ, ಒಂದು ಲೋಟ ಉದ್ದು ಅಳೆಯುವವರು ಇದನ್ನು ಗೊತ್ತಿಲ್ಲದೆಯೇ ಪಾಲಿಸಿಕೊಂಡು ಬಂದಿದ್ದಾರೆ. ಪ್ರೋಟೀನ್ ಪುಡಿಯ ಡಬ್ಬ ಬೇಡ ಎಂದೂ ಅದೇ ಮಾರ್ಗಸೂಚಿ ಹೇಳಿದೆ.

ಬೆಲ್ಲದ ಕಥೆಯೂ ಇದೇ. ಬೆಲ್ಲದಲ್ಲಿ ಒಂದಿಷ್ಟು ಕಬ್ಬಿಣಾಂಶ, ಖನಿಜ ಇರುವುದು ನಿಜ, ಆದರೆ ಕ್ಯಾಲೊರಿ ಸಕ್ಕರೆಗೆ ಹತ್ತಿರವೇ. ಸಕ್ಕರೆ ಬಿಟ್ಟು ಬೆಲ್ಲದ ಕಾಫಿ ಶುರು ಮಾಡಿದವರು ಚಮಚದ ಲೆಕ್ಕ ಬಿಡುವಂತಿಲ್ಲ. ಜೇನುತುಪ್ಪಕ್ಕೂ ಅದೇ ನಿಯಮ, ಮತ್ತು ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬಾರದು. ಸೈಂಧವ ಲವಣವೂ ಸೋಡಿಯಂ ಕ್ಲೋರೈಡೇ. ಅದರಲ್ಲಿ ಎಷ್ಟೋ ಸಲ ಅಯೋಡಿನ್ ಇರುವುದಿಲ್ಲ ಎಂಬುದು ಹೆಚ್ಚುವರಿ ತೊಂದರೆ. ಸೋಡಿಯಂ ಕಡಿಮೆ ಇರುವ ಉಪ್ಪು ಎಂದು ಮಾರುವ ಪ್ಯಾಕೆಟ್‌ಗಳಲ್ಲಿ ಪೊಟ್ಯಾಸಿಯಂ ಇರುತ್ತದೆ. ಮೂತ್ರಪಿಂಡದ ತೊಂದರೆ ಇರುವವರು, ಕೆಲವು ಬಗೆಯ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅದನ್ನು ಮುಟ್ಟಬಾರದು.

ಕಾಫಿ ಬಿಡಬೇಕೇ?

ಬೇಡ, ಲೋಟ ಎಣಿಸಿದರೆ ಸಾಕು. ಎನ್‌ಐಎನ್ ಪ್ರಕಾರ ದಿನಕ್ಕೆ 300 ಮಿ.ಗ್ರಾಂ ಕೆಫೀನ್ ದಾಟಬಾರದು. 150 ಮಿ.ಲೀ. ಡಿಕಾಕ್ಷನ್ ಕಾಫಿಯಲ್ಲಿ 80ರಿಂದ 120 ಮಿ.ಗ್ರಾಂ, ಇನ್‌ಸ್ಟಂಟ್ ಕಾಫಿಯಲ್ಲಿ 50ರಿಂದ 65, ಚಹಾದಲ್ಲಿ 30ರಿಂದ 65 ಮಿ.ಗ್ರಾಂ ಇರುತ್ತದೆ. ಹೆಚ್ಚು ಮುಖ್ಯವಾದದ್ದು ಸಮಯ. ಊಟಕ್ಕೆ ಒಂದು ಗಂಟೆ ಮೊದಲು, ಊಟವಾದ ಮೇಲೆ ಒಂದು ಗಂಟೆ ಕಾಫಿ, ಚಹಾ ಬೇಡ. ಅವುಗಳಲ್ಲಿರುವ ಟ್ಯಾನಿನ್ ಊಟದ ಕಬ್ಬಿಣಾಂಶವನ್ನು ದೇಹಕ್ಕೆ ಸೇರಲು ಬಿಡುವುದಿಲ್ಲ. ತಿಂಡಿಯ ಜೊತೆಗೇ ಕಾಫಿ ಹೀರುವ ಅಭ್ಯಾಸ ನಮ್ಮಲ್ಲಿ ಎಷ್ಟು ಗಟ್ಟಿಯೋ, ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯೂ ಅಷ್ಟೇ ಸಾಮಾನ್ಯ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಂತೂ ಅದನ್ನು ಕಾಫಿಯ ಜೊತೆ ನುಂಗಲೇಬಾರದು.

ಇನ್ನು ಸಕ್ಕರೆ. ದಿನಕ್ಕೆ ಮೂರು ಲೋಟ, ಲೋಟಕ್ಕೆ ಎರಡು ಚಮಚ ಎಂದರೆ ಕಾಫಿಯಲ್ಲೇ 24ರಿಂದ 30 ಗ್ರಾಂ ಮುಗಿಯಿತು. ದಿನದ ಕೋಟಾ ಬೆಳಗಿನಿಂದ ಸಂಜೆಯೊಳಗೆ ಖಾಲಿ. ಒಮ್ಮೆಲೇ ಬಿಡಲು ಹೋದರೆ ನಾಲ್ಕನೇ ದಿನ ಹಳೆಯ ದಾರಿಗೇ ಬರುವುದು ಹೆಚ್ಚು. ವಾರಕ್ಕೆ ಕಾಲು ಚಮಚ ಇಳಿಸುತ್ತ ಬಂದರೆ ತಿಂಗಳಲ್ಲಿ ಒಂದು ಚಮಚ ಹೋಗುತ್ತದೆ, ನಾಲಗೆಗೂ ಗೊತ್ತಾಗುವುದಿಲ್ಲ.

ತಂಪು ಪಾನೀಯದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಸಾಮಾನ್ಯ ಕೋಲಾದಲ್ಲಿ 100 ಮಿ.ಲೀ.ಗೆ 10ರಿಂದ 11 ಗ್ರಾಂ ಸಕ್ಕರೆ ಇರುತ್ತದೆ. 250 ಮಿ.ಲೀ. ಬಾಟಲಿಯೊಂದು ಇಡೀ ದಿನದ ಮಿತಿಯನ್ನು ಮುಗಿಸುತ್ತದೆ. ಪೆಟ್ಟಿಗೆಯ ಹಣ್ಣಿನ ರಸ ಇದಕ್ಕಿಂತ ಒಳ್ಳೆಯದೆಂದು ಮಕ್ಕಳಿಗೆ ಕೊಡುವವರು ಗಮನಿಸಬೇಕು. ಗಟ್ಟಿಗೊಳಿಸಿದ ರಸಕ್ಕೆ ನೀರು ಬೆರೆಸಿ ಮಾಡಿದ್ದನ್ನು 'ಶೇ 100 ಹಣ್ಣಿನ ರಸ' ಎಂದು ಕರೆಯಬೇಡಿ ಎಂದು ಎಫ್‌ಎಸ್‌ಎಸ್‌ಎಐ 2024ರ ಜೂನ್‌ನಲ್ಲೇ ಕಂಪನಿಗಳಿಗೆ ಹೇಳಿದೆ. ಎನರ್ಜಿ ಡ್ರಿಂಕ್ ಕ್ಯಾನ್ ಮೇಲೆ ಮಕ್ಕಳಿಗೆ, ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಸೂಕ್ತವಲ್ಲ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ಹತ್ತನೇ ತರಗತಿಯ ಹುಡುಗರ ಕಣ್ಣಿಗೆ ಅದು ಬೀಳುವುದಿಲ್ಲ, ಮನೆಯವರೇ ತೋರಿಸಬೇಕು.

'ಹೆಲ್ತ್ ಡ್ರಿಂಕ್' ಎಂಬುದೇ ಕಾನೂನಿನಲ್ಲಿಲ್ಲ

ಹಾಲಿಗೆ ಬೆರೆಸುವ ಮಾಲ್ಟ್ ಪುಡಿಯನ್ನು ಎರಡು ತಲೆಮಾರು 'ಹೆಲ್ತ್ ಡ್ರಿಂಕ್' ಎಂದೇ ಕರೆದುಕೊಂಡು ಬಂದಿದೆ. ಆದರೆ 2006ರ ಆಹಾರ ಸುರಕ್ಷತಾ ಕಾಯ್ದೆಯಲ್ಲಿ ಆ ಹೆಸರಿನ ವರ್ಗವೇ ಇಲ್ಲ. ಹೀಗಾಗಿ ಬೋರ್ನ್‌ವಿಟಾ ಸೇರಿದಂತೆ ಇಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೆಯಿರಿ ಎಂದು ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಪುಡಿಯನ್ನು ಮನೆಯಿಂದ ಹೊರಹಾಕಲೇಬೇಕೆಂದೇನೂ ಇಲ್ಲ. ಅದರ ಮೇಲೆ ಮತ್ತೆ ಎರಡು ಚಮಚ ಸಕ್ಕರೆ ಸುರಿಯುವುದನ್ನು ನಿಲ್ಲಿಸಿದರೂ ದೊಡ್ಡದೇ. ಹಾಲೇ ಸಾಕಷ್ಟು ಪೌಷ್ಟಿಕ. ಬಾದಾಮಿ ಪುಡಿ, ಏಲಕ್ಕಿ, ಮೊಳಕೆ ಕಟ್ಟಿದ ರಾಗಿಯ ಹಿಟ್ಟು ಹಾಕಿ ಕುದಿಸಿದರೆ ಮಕ್ಕಳು ಕುಡಿಯುತ್ತಾರೆ.

ಹೊರ ರಾಜ್ಯದಲ್ಲಿರುವವರಿಗೆ ಹಾಲಿನ ವಿಷಯದಲ್ಲಿ ಇನ್ನೊಂದು ಗೊಂದಲ. ನಂದಿನಿಯ ಪ್ಯಾಕೆಟ್ ಬಣ್ಣ ನೋಡಿ ಹಾಲು ಗುರುತಿಸಿ ಬೆಳೆದವರು ಆವಿನ್, ಅಮುಲ್, ಮದರ್ ಡೇರಿಯ ಬಣ್ಣ ನೋಡಿ ಮೋಸಹೋಗಬಹುದು. ಬಣ್ಣಕ್ಕೆ ದೇಶಕ್ಕೆಲ್ಲ ಒಂದೇ ನಿಯಮವಿಲ್ಲ, ಹೆಸರಿಗೆ ಇದೆ. ಡಬಲ್ ಟೋನ್ಡ್ ಎಂದರೆ ಕೊಬ್ಬು ಶೇ 1.5, ಟೋನ್ಡ್ ಶೇ 3, ಸ್ಟ್ಯಾಂಡರ್ಡೈಸ್ಡ್ ಶೇ 4.5, ಫುಲ್ ಕ್ರೀಮ್ ಶೇ 6. ಬೆಳೆಯುವ ಮಕ್ಕಳಿಗೆ, ಮನೆಯ ಹೃದ್ರೋಗಿಗಳಿಗೆ ಒಂದೇ ಪ್ಯಾಕೆಟ್ ತರಬೇಕೆಂದಿಲ್ಲ.

ಮಗುವಿಗೆ ಭೇದಿಯಾದಾಗ ಯಾವ ಪ್ಯಾಕೆಟ್?

ತಪ್ಪು ಆಯ್ಕೆ ನಿಜಕ್ಕೂ ಪ್ರಾಣಕ್ಕೆ ಕುತ್ತು ತರಬಹುದಾದ ಜಾಗ ಇದು. ಹಣ್ಣಿನ ರುಚಿಯ ಸಿಹಿ ಪಾನೀಯಗಳು ಬಹಳ ಕಾಲ 'ಒಆರ್‌ಎಸ್' ಎಂಬ ಅಕ್ಷರಗಳನ್ನು ಹೆಸರಿಗೆ ಅಂಟಿಸಿಕೊಂಡು ಔಷಧಿ ಅಂಗಡಿಗಳಲ್ಲೇ ಮಾರಾಟವಾದವು. 'ಇದು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ ಒಆರ್‌ಎಸ್ ಅಲ್ಲ' ಎಂದು ಮೂಲೆಯಲ್ಲಿ ಬರೆದರೆ ಸಾಕು ಎಂಬ ಅನುಮತಿಯೂ ಅವಕ್ಕೆ ಇತ್ತು. ಹೈದರಾಬಾದಿನ ಮಕ್ಕಳ ತಜ್ಞೆ ಡಾ. ಶಿವರಂಜನಿ ಸಂತೋಷ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಕೊನೆಗೆ 2025ರ ಅಕ್ಟೋಬರ್ 14ರಂದು ಎಫ್‌ಎಸ್‌ಎಸ್‌ಎಐ ಆ ಅನುಮತಿಯನ್ನು ಹಿಂಪಡೆಯಿತು. ಈಗ ಯಾವ ಆಹಾರ ಪಾನೀಯವೂ ಹೆಸರಿನ ಹಿಂದೆಯಾಗಲಿ ಮುಂದೆಯಾಗಲಿ 'ಒಆರ್‌ಎಸ್' ಸೇರಿಸುವಂತಿಲ್ಲ.

ವ್ಯತ್ಯಾಸ ಎಷ್ಟು ಗೊತ್ತೇ? ಅಸಲಿ ಒಆರ್‌ಎಸ್‌ನಲ್ಲಿ ಲೀಟರ್ ನೀರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಟ್ರೈಸೋಡಿಯಂ ಸಿಟ್ರೇಟ್ ಇರುತ್ತದೆ. ಒಟ್ಟು 20.5 ಗ್ರಾಂ. ಸಿಹಿ ಪಾನೀಯಗಳಲ್ಲಿ ಸಕ್ಕರೆ ಇದರ ಎಷ್ಟೋ ಪಟ್ಟು ಇರುತ್ತದೆ. ಕರುಳಿನಲ್ಲಿ ಸಕ್ಕರೆ ಹೆಚ್ಚಾದರೆ ಅದು ದೇಹದ ನೀರನ್ನೇ ಕರುಳಿಗೆ ಎಳೆದುಕೊಳ್ಳುತ್ತದೆ, ಭೇದಿ ನಿಲ್ಲುವ ಬದಲು ಹೆಚ್ಚುತ್ತದೆ.

ಔಷಧಿ ಅಂಗಡಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಒಆರ್‌ಎಸ್ ಪುಡಿ ಎಂದೇ ಕೇಳಿ. ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟು, ಸಾಮಾನ್ಯವಾಗಿ 200 ಮಿ.ಲೀ., ನೀರು. ಅರ್ಧ ಪೊಟ್ಟಣ ಈಗ, ಅರ್ಧ ನಾಳೆ ಎಂದು ಅಂದಾಜಿನಲ್ಲಿ ಕಲಸಬಾರದು. ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಬೇಕು. ಪುಡಿ ಸಿಗದ ಹೊತ್ತಿನಲ್ಲಿ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕರಗಿಸಿ ಕೊಡಬಹುದು. ಉಪ್ಪು ಹಾಕಿದ ಗಂಜಿ ತಿಳಿ, ಮಜ್ಜಿಗೆಯೂ ನಡೆಯುತ್ತದೆ. ಎದೆಹಾಲು ನಿಲ್ಲಿಸಬಾರದು. ಮಲದಲ್ಲಿ ರಕ್ತ, ಕಣ್ಣು ಗುಳಿಬಿದ್ದಿರುವುದು, ಮೂತ್ರ ನಿಂತಿರುವುದು, ಮಂಪರು, ಕುಡಿಯಲಾಗದಿರುವುದು ಕಂಡರೆ ಮನೆಮದ್ದಿಗೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಪ್ಯಾಕೆಟ್‌ನ ಹಿಂಭಾಗ ಓದುವುದು ಹೇಗೆ?

ಮುಂಭಾಗದಲ್ಲಿ ಗೋಧಿಯ ತೆನೆ, ಹಸಿರು ಎಲೆ, ಓಡುವ ಮಗು ಇರುತ್ತದೆ. ಕಾನೂನು ಬಿಗಿಯಾಗಿರುವುದು ಹಿಂಭಾಗದ ಸಣ್ಣ ಅಕ್ಷರಗಳಲ್ಲಿ. ಪದಾರ್ಥಗಳ ಪಟ್ಟಿಯನ್ನು ತೂಕದ ಇಳಿಕೆ ಕ್ರಮದಲ್ಲೇ ಬರೆಯಬೇಕು. ಯಾವುದು ಹೆಚ್ಚು ಇದೆಯೋ ಅದು ಮೊದಲು. ರಾಗಿ ಬಿಸ್ಕತ್ತಿನ ಪಟ್ಟಿ ಮೈದಾದಿಂದ ಶುರುವಾದರೆ ಅದು ಮೈದಾ ಬಿಸ್ಕತ್ತೇ. ಹೆಸರಿನಲ್ಲಿ ರಾಗಿ ಎಂದು ಎತ್ತಿ ಹೇಳಿದ ಮೇಲೆ ಅದು ಶೇಕಡಾ ಎಷ್ಟಿದೆ ಎಂದೂ ಬರೆಯಬೇಕು, ಆ ಅಂಕಿಯನ್ನು ಹುಡುಕಿ. ಮಾರಿ ಬಿಸ್ಕತ್ತು ಹಗುರ ಎಂದು ಕಾಯಿಲೆಯವರಿಗೂ ಕೊಡುವ ರೂಢಿ ಇದೆ. ಸಾಮಾನ್ಯವಾಗಿ ಅದರ ತೂಕದಲ್ಲೂ ಐದನೇ ಒಂದು ಪಾಲಿನಷ್ಟು ಸಕ್ಕರೆಯೇ. ಕ್ರೀಮ್ ಬಿಸ್ಕತ್ತಿನಲ್ಲಿ ಅದು ಮೂರನೇ ಒಂದು ಪಾಲಿನ ಹತ್ತಿರ.

ಸಕ್ಕರೆ ಬೇರೆ ಬೇರೆ ಹೆಸರಲ್ಲಿ ಕೂತಿರುತ್ತದೆ. ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಡೆಕ್ಸ್‌ಟ್ರೋಸ್, ಕಾರ್ನ್ ಸಿರಪ್ ಎಲ್ಲವೂ ಅದೇ ಕುಟುಂಬ. ಒಂದೇ ಪಟ್ಟಿಯಲ್ಲಿ ಮೂರು ಹೆಸರಿದ್ದರೆ ಒಂದೊಂದರ ಪಾಲು ಚಿಕ್ಕದಾಗಿ ಕೆಳಗಿನ ಸಾಲಿಗೆ ಇಳಿಯುತ್ತದೆ, ಒಟ್ಟು ಮಾತ್ರ ಇಳಿದಿರುವುದಿಲ್ಲ. ಮಾಲ್ಟೋಡೆಕ್ಸ್‌ಟ್ರಿನ್ 'ಸಕ್ಕರೆ' ಎಂಬ ಸಾಲಿನಲ್ಲಿ ಲೆಕ್ಕಕ್ಕೆ ಬಾರದೆಯೂ ರಕ್ತದ ಸಕ್ಕರೆಯನ್ನು ಬೇಗನೆ ಏರಿಸುತ್ತದೆ.

ಪೋಷಕಾಂಶದ ಕೋಷ್ಟಕದಲ್ಲಿ ಒಂದು ಸೂಕ್ಷ್ಮವಿದೆ. ದಿನದ ಅಗತ್ಯದ ಶೇಕಡಾ ಇಷ್ಟು ಎಂದು ಬರೆಯುವಾಗ ಸೇರಿಸಿದ ಸಕ್ಕರೆಗೆ ಆಧಾರ 50 ಗ್ರಾಂ. ಇದು ಹೊರಗಿನ ಮಿತಿ. ವಿಶ್ವ ಆರೋಗ್ಯ ಸಂಸ್ಥೆ ಇನ್ನೂ ಒಳ್ಳೆಯದೆಂದು ಹೇಳುವುದು, ಎನ್‌ಐಎನ್ ಗೆರೆ ಎಳೆದಿರುವುದು 25 ಗ್ರಾಂಗೆ. ಹಾಗಾಗಿ ಪ್ಯಾಕೆಟ್ ಮೇಲೆ ಶೇ 40 ಎಂದಿದ್ದರೆ ಅದನ್ನು ಶೇ 80 ಎಂದು ಓದಿಕೊಳ್ಳಿ. ಶೇಕಡಾ ಲೆಕ್ಕ ಒಂದು 'ಸರ್ವಿಂಗ್'ಗೆ ಎಂಬುದೂ ನೆನಪಿರಲಿ. 50 ಗ್ರಾಂ ಚಿಪ್ಸ್ ಪ್ಯಾಕೆಟ್‌ಗೆ 20 ಗ್ರಾಂ ಒಂದು ಸರ್ವಿಂಗ್ ಎಂದು ಬರೆದಿದ್ದರೆ, ಪ್ಯಾಕೆಟ್ ಒಡೆದು ಐದನೇ ಎರಡು ಪಾಲು ತಿಂದು ಕಟ್ಟಿಡುವವರು ಯಾರಿದ್ದಾರೆ? ಹೋಲಿಸಲು 100 ಗ್ರಾಂನ ಕಾಲಂ ನೋಡುವುದೇ ಸರಿ.

ಉಪ್ಪನ್ನು ಸೋಡಿಯಂ ಎಂದು ಬರೆದಿರುತ್ತದೆ. ಅದನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪು ಸಿಗುತ್ತದೆ. ಸೋಡಿಯಂ 800 ಮಿ.ಗ್ರಾಂ ಎಂದರೆ ಉಪ್ಪು 2 ಗ್ರಾಂ. ಅನೇಕ ಇನ್‌ಸ್ಟಂಟ್ ನೂಡಲ್ಸ್‌ನ ಒಂದು ಪೊಟ್ಟಣದಲ್ಲಿ ಹೆಚ್ಚುಕಡಿಮೆ ಇಷ್ಟಿರುತ್ತದೆ, ದೊಡ್ಡವರ ದಿನದ ಮಿತಿಯ ಐದನೇ ಎರಡು ಪಾಲು ಒಂದೇ ಬಟ್ಟಲಲ್ಲಿ. ಮಸಾಲೆ ಪುಡಿ ಅರ್ಧ ಹಾಕಿ, ಬೀನ್ಸ್, ಕ್ಯಾರೆಟ್, ಒಂದು ಮೊಟ್ಟೆ ಸೇರಿಸಿದರೆ ಅದೇ ಪೊಟ್ಟಣ ಸ್ವಲ್ಪ ಮರ್ಯಾದಸ್ಥವಾಗುತ್ತದೆ.

ಸಂಖ್ಯೆಗಳನ್ನು ಕಂಡು ಹೆದರುವುದೂ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಓಡಾಡುವ 'ಈ ನಂಬರ್ ಇದ್ದರೆ ವಿಷ' ಎಂಬ ಪಟ್ಟಿಗಳಲ್ಲಿ ಅರ್ಧ ಬರೀ ಗುಲ್ಲು. ಐಎನ್‌ಎಸ್ 500 ಎಂದರೆ ಅಡುಗೆ ಸೋಡಾದಂಥ ಸೋಡಿಯಂ ಕಾರ್ಬೋನೇಟ್‌ಗಳು, 330 ಎಂದರೆ ನಿಂಬೆಹಣ್ಣಿನಲ್ಲಿರುವ ಸಿಟ್ರಿಕ್ ಆಮ್ಲ, 322 ಎಂದರೆ ಲೆಸಿಥಿನ್. ಹೆದರಬೇಕಾದ್ದು ಚೀಟಿಯೇ ಇಲ್ಲದೆ ಮಾರುವ ಗಾಢ ಬಣ್ಣದ ತಿನಿಸಿಗೆ. ಬಾಂಬೆ ಮಿಠಾಯಿಯಲ್ಲಿ ರೊಡಮೈನ್-ಬಿ ಎಂಬ ಬಟ್ಟೆಯ ಬಣ್ಣ ಸಿಕ್ಕ ಮೇಲೆ 2024ರಲ್ಲಿ ತಮಿಳುನಾಡು ಅದರ ಮಾರಾಟ ನಿಲ್ಲಿಸಿತು. ಕರ್ನಾಟಕ ಅದೇ ಮಾರ್ಚ್‌ನಲ್ಲಿ ಬಾಂಬೆ ಮಿಠಾಯಿ, ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು.

ಪರಊರಿನ ಅಂಗಡಿಯಲ್ಲಿ ಏನೆಂದು ಕೇಳಬೇಕು?

ಬೇಳೆಕಾಳು, ಸೊಪ್ಪು ಹೆಚ್ಚಿಸಿ ಎಂದರೆ ಹೊರ ರಾಜ್ಯದಲ್ಲಿರುವವರ ಮೊದಲ ಉತ್ತರ 'ನಮ್ಮ ಕಡೆಯದು ಇಲ್ಲಿ ಸಿಗುವುದಿಲ್ಲ' ಎಂಬುದು. ಬಹಳಷ್ಟು ಸಿಗುತ್ತದೆ, ಹೆಸರು ಮಾತ್ರ ಬೇರೆ. ರಾಗಿ ಪುಣೆ, ಮುಂಬೈನಲ್ಲಿ ನಾಚಣಿ, ತಮಿಳಿನಲ್ಲಿ ಕೇಳ್ವರಗು, ದಿಲ್ಲಿಯಲ್ಲಿ ಉತ್ತರಾಖಂಡದವರಿಗೆ ಮಂಡುವಾ. ಹುರುಳಿಕಾಳಿಗೆ ಮರಾಠಿಯಲ್ಲಿ ಕುಳೀಥ, ತಮಿಳಿನಲ್ಲಿ ಕೊಳ್ಳು, ತೆಲುಗಿನಲ್ಲಿ ಉಲವಲು, ಹಿಂದಿಯಲ್ಲಿ ಕುಲ್ಥಿ. ಅಲಸಂದೆ ಮರಾಠಿಯಲ್ಲಿ ಚವಳಿ, ತಮಿಳಿನಲ್ಲಿ ಕಾರಾಮಣಿ, ತೆಲುಗಿನಲ್ಲಿ ಬೊಬ್ಬರ್ಲು, ಹಿಂದಿಯಲ್ಲಿ ಲೋಬಿಯಾ. ಮಡಕೆ ಕಾಳು ಮಹಾರಾಷ್ಟ್ರದಲ್ಲಿ ಮಟಕಿ, ಮಿಸಳ್‌ಗೆ ಹಾಕುವುದು ಅದನ್ನೇ. ನವಣೆ ಚೆನ್ನೈನಲ್ಲಿ ತಿನೈ, ಹೈದರಾಬಾದಿನಲ್ಲಿ ಕೊರ್ರಲು.

ಸೊಪ್ಪಿನಲ್ಲಿ ಸಬ್ಬಸಿಗೆಗೆ ಪುಣೆಯ ಮಂಡಿಯಲ್ಲಿ ಶೇಪು ಎನ್ನುತ್ತಾರೆ. ಹರಿವೆ ಮರಾಠಿಯಲ್ಲಿ ಮಾಠ, ತೆಲುಗಿನಲ್ಲಿ ತೋಟಕೂರ, ಹಿಂದಿಯಲ್ಲಿ ಚೌಲಾಯಿ. ನುಗ್ಗೆಗೆ ಮರಾಠಿಯಲ್ಲಿ ಶೇವಗಾ, ತಮಿಳಿನಲ್ಲಿ ಮುರುಂಗೈ, ತೆಲುಗಿನಲ್ಲಿ ಮುನಗ, ಹಿಂದಿಯಲ್ಲಿ ಸಹಜನ್. ಸೊಪ್ಪು ಬೇಡ ಎಂದು ಮುಖ ತಿರುಗಿಸುವ ಮಕ್ಕಳಿಗೆ ತಂಬುಳಿ ಮಾಡಿ ಅನ್ನಕ್ಕೆ ಕಲಸಬಹುದು. ಅಕ್ಕಿ ರೊಟ್ಟಿಯ ಹಿಟ್ಟಿಗೆ ಸಬ್ಬಸಿಗೆ ಬೆರೆಸಬಹುದು.

ಶಾಲೆಯ ಡಬ್ಬಿ

ಬೆಳಗ್ಗೆ ಏಳಕ್ಕೆ ಬಸ್ ಹಿಡಿಯುವ ಮನೆಗಳಲ್ಲಿ ದೊಡ್ಡ ಪಟ್ಟಿ ಕೊಟ್ಟು ಪ್ರಯೋಜನವಿಲ್ಲ. ಡಬ್ಬಿಯಲ್ಲಿ ಬೇಳೆಯೋ ಕಾಳೋ ಮೊಟ್ಟೆಯೋ ಒಂದು ಇರಲಿ, ಬಿಸ್ಕತ್ತಿನ ಜಾಗಕ್ಕೆ ಹಣ್ಣು ಇರಲಿ, ಬಾಟಲಿಯಲ್ಲಿ ನೀರೇ ಇರಲಿ. ಹೆಸರುಬೇಳೆ ದೋಸೆ, ಶೇಂಗಾ ಚಟ್ನಿಪುಡಿ ಹಚ್ಚಿದ ಚಪಾತಿ, ಕಾಳು ಹಾಕಿದ ಉಪ್ಪಿಟ್ಟು, ಮೊಸರನ್ನಕ್ಕೆ ದಾಳಿಂಬೆ, ಇವ್ಯಾವುದಕ್ಕೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಬೇಕಿಲ್ಲ, ರಾತ್ರಿ ನೆನೆಹಾಕಲು ನೆನಪಿರಬೇಕಷ್ಟೇ. ಚಿತ್ರಾನ್ನ ಕಟ್ಟುವುದಾದರೆ ಕಡಲೆಕಾಯಿ ಬೀಜ ಧಾರಾಳವಾಗಿರಲಿ.

ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸನ್ನು ಶಾಲೆಯ ಕ್ಯಾಂಟೀನ್‌ನಲ್ಲಿ ಹಾಗೂ ಗೇಟಿನಿಂದ 50 ಮೀಟರ್ ಒಳಗೆ ಮಾರುವಂತಿಲ್ಲ ಎಂಬ ನಿಯಮ 2020ರಿಂದ ಇದೆ. ನಿಮ್ಮ ಮಕ್ಕಳ ಶಾಲೆಯ ಗೇಟಿನಲ್ಲಿ ಅದು ಜಾರಿಯಲ್ಲಿ ಇಲ್ಲದಿದ್ದರೆ ಪೋಷಕರ ಸಭೆಯಲ್ಲಿ ಪ್ರಶ್ನಿಸುವ ಹಕ್ಕಿದೆ.

ಪ್ಯಾಕೆಟ್‌ನಲ್ಲಿ ಬರೆದದ್ದು ಸುಳ್ಳೆನಿಸಿದರೆ, ದಿನಾಂಕ ಮೀರಿದ ಮಾಲು ಸಿಕ್ಕರೆ, ಎಫ್‌ಎಸ್‌ಎಸ್‌ಎಐನ 'ಫುಡ್ ಸೇಫ್ಟಿ ಕನೆಕ್ಟ್' ಆ್ಯಪ್‌ನಲ್ಲಿ ದೂರು ಕೊಡಬಹುದು. ಅದಕ್ಕೆ ಪ್ಯಾಕೆಟ್ ಮೇಲಿರುವ 14 ಅಂಕಿಯ ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ ಬೇಕಾಗುತ್ತದೆ. ಹಾಗಾಗಿ ಅನುಮಾನ ಬಂದ ಪ್ಯಾಕೆಟ್ ಎಸೆಯುವ ಮುನ್ನ ಹಿಂಭಾಗದ ಫೋಟೊ ಒಂದು ತೆಗೆದಿಟ್ಟುಕೊಳ್ಳಿ, ಅಂಗಡಿಯ ಬಿಲ್ಲನ್ನೂ ಜೋಪಾನ ಮಾಡಿ.